ಜೀವದ ಉಗಮ ಮತ್ತು ಇಂಟೆಲಿಜೆಂಟ್ ಡಿಸೈನ್ ಕೋರ್ಸ್: ಮೂರು ಭಾಗ ಅದ್ಭುತ, ನಾಲ್ಕನೆಯದರಲ್ಲಿ ಅವಸರ

ಐದಕ್ಕೆ ಮೂರೂವರೆ ಸ್ಟಾರ್ ಕೊಡಬೇಕು ಅಂತ ಇತ್ತು. ಅರ್ಧ ಸ್ಟಾರ್ ಕೊಡುವ ವ್ಯವಸ್ಥೆ ಇಲ್ಲಿಲ್ಲ, ಹಾಗಾಗಿ ನಾಲ್ಕು ಒತ್ತಿದ್ದೇನೆ. ಪೂರ್ತಿ ಐದು ಯಾಕೆ ಕೊಡಲಿಲ್ಲ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಕೋರ್ಸ್ ಎಡವಿದ್ದು ನಾನು ಯಾವ ಭಾಗಕ್ಕಾಗಿ ದುಡ್ಡು ಕೊಟ್ಟಿದ್ದೆನೋ ಅದರಲ್ಲೇ.

ಇದು ವಿಡಿಯೋ ಕೋರ್ಸ್. ನಾಲ್ಕು ಭಾಗ. ಜೀವಜಗತ್ತಿನ ಹಿಂದೆ ಒಬ್ಬ ಬುದ್ಧಿವಂತ ವಿನ್ಯಾಸಕಾರ ಇರಲೇಬೇಕು ಅನ್ನುವ ವಾದದ ಹಳೆಯ ಇತಿಹಾಸ ಮೊದಲನೆಯದು. ಎರಡನೆಯದರಲ್ಲಿ ಮೈಕೆಲ್ ಬೀಹಿ ಮತ್ತು ಆ ವಾದದ ಈಗಿನ ರೂಪವಾದ ಇಂಟೆಲಿಜೆಂಟ್ ಡಿಸೈನ್. ಮೂರನೆಯದು ಇದನ್ನು ಶಾಲೆಯಲ್ಲಿ ಹೇಳಬಹುದೇ ಅಂತ ಅಮೆರಿಕದಲ್ಲಿ ನಡೆದ ಡೋವರ್ ಕೇಸ್. ಕೊನೆಯದು ಜೀವದ ಉಗಮ, ಅಂದರೆ ನಿರ್ಜೀವ ರಸಾಯನದಿಂದ ಮೊದಲ ಜೀವ ಹೇಗೆ ಬಂತು ಅನ್ನುವ ಪ್ರಶ್ನೆ. ಪಾಠ ಮಾಡುವ ಮೇಡಂಗೆ ವಿಷಯದ ಮೇಲೆ ಒಳ್ಳೆಯ ಹಿಡಿತ ಇದೆ. ಮಾತು ನಿಧಾನ, ಸ್ಪಷ್ಟ. ಎದುರು ಪಕ್ಷವನ್ನು ಗೇಲಿ ಮಾಡುವುದಿಲ್ಲ. ಈ ವಿಷಯದ ಮೇಲೆ ಸಿಗುವ ವಿಡಿಯೋಗಳಲ್ಲಿ ಜಾಸ್ತಿ ಅಂದರೆ ಕೂಗಾಟವೇ ಇರುತ್ತದೆ ಅಲ್ವಾ, ಅದಕ್ಕೇ ಇದು ದೊಡ್ಡ ಗುಣ.

ಮೊದಲ ಪಾಠದಲ್ಲೇ ಅವರು ಒಂದು ಮುಖ್ಯ ವಿಷಯ ಹೇಳುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಜೀವ ಒಮ್ಮೆ ಶುರುವಾದ ಮೇಲೆ ಅದು ಇಷ್ಟೊಂದು ಬಗೆಯಾಗಿ ಹೇಗೆ ಹರಡಿತು ಅನ್ನುವುದು ಒಂದು. ಮೊದಲು ಶುರುವಾದದ್ದು ಹೇಗೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಗಟ್ಟಿ ಉತ್ತರ ಇದೆ, ಪಳೆಯುಳಿಕೆಯಿಂದ ಡಿಎನ್‌ಎ ತನಕ ಸಾಕ್ಷಿ ರಾಶಿ ಬಿದ್ದಿದೆ. ಎರಡನೆಯದು ಇನ್ನೂ ತೆರೆದೇ ಇರುವ ಪ್ರಶ್ನೆ. ಜನ ಜಗಳ ಆಡುವಾಗ ಇವೆರಡನ್ನೂ ಕಲಸಿಬಿಡುತ್ತಾರೆ. ಒಬ್ಬರು 'ಮೊದಲ ಜೀವಕೋಶ ಹೇಗೆ ಬಂತು ಹೇಳಿ ನೋಡೋಣ, ಹೇಳಕ್ಕಾಗಲ್ಲ, ಹಾಗಾದ್ರೆ ವಿಕಾಸವಾದ ಸುಳ್ಳು' ಅನ್ನುತ್ತಾರೆ. ಇನ್ನೊಬ್ಬರು 'ವಿಕಾಸವಾದ ಸಾಬೀತಾಗಿದೆ, ಹಾಗಾಗಿ ಜೀವದ ಉಗಮವೂ ಗೊತ್ತಾಗಿಬಿಟ್ಟಿದೆ' ಅನ್ನುತ್ತಾರೆ. ಎರಡೂ ತಪ್ಪು. ಮೇಡಂ ಇದನ್ನು ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಾರೆ ಅಂದರೆ, ನಾಲ್ಕನೇ ಭಾಗಕ್ಕೆ ಬಂದಾಗ ಅವರೇ ಅದನ್ನು ಮರೆತದ್ದು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಇತಿಹಾಸದ ಭಾಗ ಚೆನ್ನಾಗಿದೆ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಬರೆದ ಗಡಿಯಾರದ ವಾದ ಎಲ್ಲರಿಗೂ ಗೊತ್ತಿರುವಂಥದ್ದು: ಬಯಲಿನಲ್ಲಿ ಒಂದು ಗಡಿಯಾರ ಸಿಕ್ಕರೆ ಅದನ್ನು ಮಾಡಿದವನು ಒಬ್ಬ ಇದ್ದಾನೆ ಅಂತ ಅಂದುಕೊಳ್ಳುತ್ತೇವೆ, ಕಣ್ಣು ಗಡಿಯಾರಕ್ಕಿಂತ ಸೂಕ್ಷ್ಮ, ಹಾಗಾದರೆ ಕಣ್ಣಿಗೂ ಒಬ್ಬ ಕರ್ತೃ ಬೇಕು. ಮೇಡಂ ಇದನ್ನು ದಡ್ಡ ವಾದ ಅಂತ ತಳ್ಳಿಹಾಕುವುದಿಲ್ಲ. ಡಾರ್ವಿನ್ ಕೇಂಬ್ರಿಡ್ಜ್‌ನಲ್ಲಿ ಓದುವಾಗ ಪೇಲಿಯನ್ನು ಮೆಚ್ಚಿಕೊಂಡಿದ್ದ ಅನ್ನುವುದನ್ನೂ ಹೇಳುತ್ತಾರೆ. ಪೇಲಿಯ ಕಾಲಕ್ಕೆ ಬೇರೆ ಒಳ್ಳೆಯ ವಿವರಣೆ ಇರಲೇ ಇಲ್ಲ. 1779ರಲ್ಲಿ, ಲೇಖಕ ತೀರಿಕೊಂಡ ಮೇಲೆ ಪ್ರಕಟವಾದ ತತ್ವಜ್ಞಾನಿ ಡೇವಿಡ್ ಹ್ಯೂಮ್‌ನ ಸಂವಾದಗಳು ಈ ವಾದದ ತರ್ಕ ಸಡಿಲ ಅಂತ ತೋರಿಸಿದ್ದವು, ಆದರೆ ಅದರ ಜಾಗಕ್ಕೆ ಇನ್ನೊಂದು ವಿವರಣೆ ಕೊಟ್ಟಿರಲಿಲ್ಲ. ಅದನ್ನು ಕೊಟ್ಟದ್ದು 1859ರಲ್ಲಿ ಡಾರ್ವಿನ್.

ಕಣ್ಣಿನ ಪಾಠ ಈ ಭಾಗದಲ್ಲಿ ಬೆಸ್ಟ್. ಬರೀ ಬೆಳಕು ಗೊತ್ತಾಗುವ ಒಂದು ಚಪ್ಪಟೆ ಜಾಗ, ಆಮೇಲೆ ಬಟ್ಟಲಿನಂಥ ಗುಳಿ, ಆಮೇಲೆ ನಾಟಿಲಸ್‌ಗೆ ಇರುವ ಹಾಗೆ ಲೆನ್ಸ್ ಇಲ್ಲದ ಸಣ್ಣ ತೂತಿನ ಕಣ್ಣು, ಆಮೇಲೆ ಆಕ್ಟೋಪಸ್‌ನ ಲೆನ್ಸ್ ಇರುವ ಕಣ್ಣು. ಇವೆಲ್ಲ ಇವತ್ತೂ ಬದುಕಿರುವ ಮೃದ್ವಂಗಿಗಳಲ್ಲೇ ಕಾಣಸಿಗುತ್ತವೆ. ಮಧ್ಯದ ಪ್ರತಿ ಹಂತವೂ ಅದರ ಒಡೆಯನಿಗೆ ಉಪಯೋಗಕ್ಕೆ ಬರುತ್ತಿದೆ. ಚಪ್ಪಟೆ ಜಾಗದಿಂದ ಕ್ಯಾಮೆರಾ ಕಣ್ಣಿನ ತನಕ ಬರಲು 4 ಲಕ್ಷಕ್ಕಿಂತ ಕಡಿಮೆ ತಲೆಮಾರು ಸಾಕು ಅಂತ 1994ರಲ್ಲಿ ನಿಲ್ಸನ್ ಮತ್ತು ಪೆಲ್ಗರ್ ಲೆಕ್ಕ ಹಾಕಿದ್ದರು. ಅದು ಮಾದರಿಯ ಲೆಕ್ಕ ಮಾತ್ರ, ಕಣ್ಣಾರೆ ಕಂಡ ಇತಿಹಾಸ ಅಲ್ಲ ಅಂತ ಮೇಡಂ ಸೇರಿಸುತ್ತಾರೆ. ಒಳ್ಳೆಯ ಮೇಷ್ಟ್ರ ಲಕ್ಷಣ ಇದು.

ಒಂದು ಕೊರತೆ ಹೇಳಲೇಬೇಕು. ಇಡೀ ಇತಿಹಾಸ ಗ್ರೀಸ್, ಇಂಗ್ಲೆಂಡ್, ಅಮೆರಿಕ ಇಷ್ಟರಲ್ಲೇ ಮುಗಿದುಹೋಗುತ್ತದೆ. ಪೇಲಿಗಿಂತ ಎಂಟು ಶತಮಾನ ಮೊದಲೇ ನ್ಯಾಯ ದರ್ಶನದ ಉದಯನ ಇದೇ ದಾರಿಯಲ್ಲಿ ವಾದ ಮಾಡಿದ್ದ: ಮಡಕೆ ಒಂದು ಕಾರ್ಯ, ಅದಕ್ಕೆ ಕುಂಬಾರ ಕರ್ತೃ, ಜಗತ್ತೂ ಒಂದು ಕಾರ್ಯ, ಅದಕ್ಕೂ ಕರ್ತೃ ಬೇಕು. ಅವನಿಗಿಂತ ಮೊದಲೇ ಇಂಥ ಅನುಮಾನವನ್ನು ಬೌದ್ಧರು ಒಪ್ಪಿರಲಿಲ್ಲ, ಮೀಮಾಂಸಕರೂ ಒಪ್ಪಿರಲಿಲ್ಲ. ಅದಕ್ಕಿಂತ ಕುತೂಹಲದ ಸಂಗತಿ ಎಂದರೆ, ದೇವರನ್ನು ಪೂರ್ತಿ ನಂಬಿದ ರಾಮಾನುಜರೂ ಶ್ರೀಭಾಷ್ಯದಲ್ಲಿ ಇದನ್ನು ಒಪ್ಪಲಿಲ್ಲ, ಈಶ್ವರನನ್ನು ತರ್ಕದಿಂದ ಸಾಧಿಸಲು ಆಗುವುದಿಲ್ಲ, ಶಾಸ್ತ್ರವೇ ಪ್ರಮಾಣ ಅಂದರು. ನಂಬುವವರೇ ಈ ವಾದವನ್ನು ಬೇಡ ಅಂದಿದ್ದಾರೆ ಅನ್ನುವುದು ಕೋರ್ಸ್‌ನಲ್ಲಿ ಬಂದಿದ್ದರೆ, 'ದೇವರು ವರ್ಸಸ್ ವಿಜ್ಞಾನ' ಅನ್ನುವ ಸುಳ್ಳು ಗೆರೆ ಶುರುವಿನಲ್ಲೇ ಅಳಿಸಿಹೋಗುತ್ತಿತ್ತು.

ಎರಡನೇ ಭಾಗ ಬೀಹಿಯದ್ದು. ಲೀಹೈ ವಿಶ್ವವಿದ್ಯಾಲಯದ ಈ ಜೀವರಸಾಯನಶಾಸ್ತ್ರಜ್ಞ 1996ರಲ್ಲಿ ಮಂಡಿಸಿದ ವಾದದ ಸಾರ ಇಷ್ಟು: ಕೆಲವು ಜೈವಿಕ ಯಂತ್ರಗಳಿಂದ ಒಂದು ಭಾಗ ತೆಗೆದರೂ ಇಡೀ ಯಂತ್ರ ನಿಂತುಹೋಗುತ್ತದೆ, ಹಾಗಾಗಿ ಅವು ಸ್ವಲ್ಪ ಸ್ವಲ್ಪವಾಗಿ ಬೆಳೆದು ಬರಲು ಸಾಧ್ಯವಿಲ್ಲ. ಅವರು ಕೊಟ್ಟ ಉದಾಹರಣೆ ಇಲಿ ಬೋನು. ಸ್ಪ್ರಿಂಗ್ ತೆಗೆದರೆ ಇಲಿ ಬೀಳುವುದಿಲ್ಲ. ಜೀವಲೋಕದ ಉದಾಹರಣೆ ಬ್ಯಾಕ್ಟೀರಿಯಾದ ಫ್ಲಾಜೆಲ್ಲಮ್, ಈಜಲು ಇರುವ ಬಾಲ. ಅದರ ಬುಡದಲ್ಲಿ ಸೆಕೆಂಡಿಗೆ ನೂರಾರು ಸುತ್ತು ತಿರುಗುವ ಮೋಟರ್ ಇದೆ. ಈ ಕೋರ್ಸಿನ ಅನಿಮೇಶನ್‌ನಲ್ಲಿ ಅದನ್ನು ನೋಡುವಾಗ, ಯಾವ ಪಕ್ಷದವರಾದರೂ ಸರಿ, ಬೆರಗಾಗದೇ ಇರಲು ಆಗುವುದಿಲ್ಲ. ಆ ಬೆರಗಿಗೆ ಮೇಡಂ ಜಾಗ ಕೊಡುತ್ತಾರೆ. ಆಮೇಲೆ ಉತ್ತರಕ್ಕೆ ಬರುತ್ತಾರೆ.

ಉತ್ತರ ಏನೆಂದರೆ, ಭಾಗ ತೆಗೆದರೆ ಅದೇ ಕೆಲಸ ನಿಲ್ಲಬಹುದು, ಆದರೆ ಉಳಿದದ್ದು ಬೇರೆ ಕೆಲಸ ಮಾಡಬಹುದು. ಪ್ಲೇಗ್ ತರುವ ಬ್ಯಾಕ್ಟೀರಿಯಾ ನಮ್ಮ ಜೀವಕೋಶಕ್ಕೆ ವಿಷದ ಪ್ರೊಟೀನ್ ಚುಚ್ಚಲು ಬಳಸುವ ಸೂಜಿಯಂಥ ಯಂತ್ರ ಫ್ಲಾಜೆಲ್ಲಮ್ ಬುಡದ ಹತ್ತಿರದ ನೆಂಟ. ತಿರುಗುವ ಬಾಲ ಇಲ್ಲದೆಯೂ ಅದಕ್ಕೆ ಸ್ವಂತ ಕೆಲಸ ಇದೆ. ಇಲ್ಲಿ ಒಂದು ತೊಡಕಿದೆ, ಅದನ್ನೂ ಮೇಡಂ ಮುಚ್ಚಿಡುವುದಿಲ್ಲ: ಆ ಸೂಜಿ ಫ್ಲಾಜೆಲ್ಲಮ್‌ನಿಂದಲೇ ಆಮೇಲೆ ಬಂದಿರಬೇಕು ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. ಅಂದರೆ ಸೂಜಿಯೇ ಫ್ಲಾಜೆಲ್ಲಮ್‌ನ ಅಜ್ಜ ಅಂತ ಹೇಳುವ ಹಾಗಿಲ್ಲ. ಆದರೂ, ಕೆಲವು ಭಾಗಗಳಿಲ್ಲದ ಜೋಡಣೆ ಯಾವ ಕೆಲಸಕ್ಕೂ ಬರುವುದಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟುವ ಸರಪಳಿಯ ಕಥೆಯೂ ಹೀಗೇ. ನಮ್ಮಲ್ಲಿರುವ ಹನ್ನೆರಡನೇ ಫ್ಯಾಕ್ಟರ್ ಅನ್ನುವ ಪ್ರೊಟೀನ್ ತಿಮಿಂಗಿಲ ಮತ್ತು ಡಾಲ್ಫಿನ್‌ಗಳಲ್ಲಿ ಇಲ್ಲ, ಆದರೂ ಅವುಗಳ ರಕ್ತ ಹೆಪ್ಪುಗಟ್ಟುತ್ತದೆ.

ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿಯ ಪ್ರಯೋಗಕ್ಕೆ ಒಂದು ಪೂರ್ತಿ ಪಾಠ ಇದೆ, ಅದನ್ನು ತಪ್ಪಿಸಬೇಡಿ. 1988ರಲ್ಲಿ 12 ಫ್ಲಾಸ್ಕ್‌ಗಳಲ್ಲಿ ಇ. ಕೋಲಿ ಬೆಳೆಸಲು ಶುರು ಮಾಡಿದರು. ಪ್ರತಿದಿನ ಸ್ವಲ್ಪ ಭಾಗವನ್ನು ಹೊಸ ಫ್ಲಾಸ್ಕ್‌ಗೆ ವರ್ಗ ಮಾಡುತ್ತಾ ಹೋದರು. ಸುಮಾರು 31,000 ತಲೆಮಾರು ದಾಟಿದ ಮೇಲೆ 12ರಲ್ಲಿ ಒಂದು ಫ್ಲಾಸ್ಕ್‌ನ ಬ್ಯಾಕ್ಟೀರಿಯಾ ಆಮ್ಲಜನಕ ಇರುವಾಗಲೂ ಸಿಟ್ರೇಟ್ ಅನ್ನುವ ರಾಸಾಯನಿಕವನ್ನು ತಿನ್ನಲು ಕಲಿತಿತ್ತು. ಇ. ಕೋಲಿ ಸಾಮಾನ್ಯವಾಗಿ ಮಾಡದ ಕೆಲಸ ಅದು. 2008ರಲ್ಲಿ ಇದು ಪ್ರಕಟವಾಯಿತು. ಮೊದಲೇ ಇದ್ದ ಜೀನ್ ನಕಲಾಗಿ ಬೇರೆ ಜಾಗದಲ್ಲಿ ಕೂತಿತು ಅಷ್ಟೇ, ಹೊಸದೇನೂ ಹುಟ್ಟಲಿಲ್ಲ ಅನ್ನುವುದು ಬೀಹಿಯ ಆಕ್ಷೇಪ. ಮೇಡಂ ಅದನ್ನೂ ಪೂರ್ತಿ ಹೇಳಿ, ವಿಕಾಸ ಅಂದರೆ ಜಾಸ್ತಿ ಸಲ ಇದ್ದದ್ದನ್ನೇ ಹೊಸ ಕೆಲಸಕ್ಕೆ ಹಚ್ಚುವುದು ಅಂತ ತೋರಿಸುತ್ತಾರೆ. ಬೀಹಿ ಭೂಮಿಯ ವಯಸ್ಸನ್ನೂ, ಎಲ್ಲ ಜೀವಿಗಳಿಗೆ ಒಂದೇ ಮೂಲ ಪೂರ್ವಜ ಇದ್ದನೆಂಬುದನ್ನೂ ಒಪ್ಪುತ್ತಾರೆ ಅನ್ನುವ ಮಾತೂ ಇಲ್ಲಿ ಬರುತ್ತದೆ. ಅವರ ಹೆಸರು ಹೇಳಿಕೊಂಡು ವಾದ ಮಾಡುವ ತುಂಬ ಜನರಿಗೆ ಇದು ಗೊತ್ತಿಲ್ಲ.

ಇಂಟೆಲಿಜೆಂಟ್ ಡಿಸೈನ್ ಪರ ಇರುವ ಗಣಿತಜ್ಞ ವಿಲಿಯಂ ಡೆಂಬ್‌ಸ್ಕಿಯ ಸಂಭವನೀಯತೆಯ ಲೆಕ್ಕ ಬೇಗ ಮುಗಿಯುತ್ತದೆ. ಪರವಾಗಿಲ್ಲ. ಎಲ್ಲವೂ ಒಂದೇ ಏಟಿಗೆ ಜೋಡಣೆಯಾಗಬೇಕು ಅಂತ ಲೆಕ್ಕ ಹಾಕಿದರೆ ಯಾವ ಸಂಖ್ಯೆಯೂ ಭಯಂಕರವಾಗಿಯೇ ಬರುತ್ತದೆ, ಅದಕ್ಕಿಂತ ಹೆಚ್ಚು ಹೇಳುವುದು ಬೇಕಿರಲಿಲ್ಲ.

ಈಗ ಡೋವರ್. ಈ ಒಂದು ಭಾಗಕ್ಕೇ ಕೋರ್ಸ್ ಕೊಂಡರೂ ನಷ್ಟವಿಲ್ಲ.

ಪೆನ್ಸಿಲ್ವೇನಿಯಾದ ಡೋವರ್ ಅನ್ನುವ ಊರಿನ ಶಾಲಾ ಮಂಡಳಿ 2004ರಲ್ಲಿ ಒಂದು ನಿರ್ಣಯ ಮಾಡಿತು. ಒಂಬತ್ತನೇ ತರಗತಿಯ ಜೀವಶಾಸ್ತ್ರದ ಮಕ್ಕಳಿಗೆ ಒಂದು ಹೇಳಿಕೆ ಓದಿ ಹೇಳಬೇಕು: ಡಾರ್ವಿನ್ ಸಿದ್ಧಾಂತದಲ್ಲಿ ಖಾಲಿ ಜಾಗಗಳಿವೆ, ಇಂಟೆಲಿಜೆಂಟ್ ಡಿಸೈನ್ ಅನ್ನುವ ಬೇರೆ ವಿವರಣೆ ಇದೆ, ಬೇಕಿದ್ದರೆ ಈ ಪುಸ್ತಕ ನೋಡಿ. ವಿಜ್ಞಾನದ ಶಿಕ್ಷಕರು ಓದಲು ಒಪ್ಪಲಿಲ್ಲ. ಆಡಳಿತದವರೇ ಬಂದು ಓದಿದರು. 11 ಪೋಷಕರು ಕೋರ್ಟಿಗೆ ಹೋದರು. 2005ರ ಸೆಪ್ಟೆಂಬರ್ 26ರಂದು ಹ್ಯಾರಿಸ್‌ಬರ್ಗ್‌ನಲ್ಲಿ ವಿಚಾರಣೆ ಶುರುವಾಯಿತು, ಜ್ಯೂರಿ ಇಲ್ಲದೆ, ನ್ಯಾಯಾಧೀಶ ಜಾನ್ ಜೋನ್ಸ್ ಅವರ ಎದುರು. ಅವರನ್ನು ನೇಮಿಸಿದ್ದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್.

ಕೋರ್ಸ್ ಇಲ್ಲಿ ಸಾಕ್ಷಿಗಳ ಮಾತನ್ನು ಕೋರ್ಟಿನ ದಾಖಲೆಯಿಂದಲೇ ಓದಿಸುತ್ತದೆ, ನಾಟಕ ಮಾಡದೆ. ಪೋಷಕರ ಪರ ಸಾಕ್ಷಿ ಹೇಳಿದ ತತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಸಾಕ್ಷ್ಯದ ಪಾಠವನ್ನು ನಾನು ಎರಡನೇ ಸಲವೂ ಹಾಕಿಕೊಂಡು ನೋಡಿದೆ. ಮಕ್ಕಳಿಗೆ ತೋರಿಸಿದ್ದ ಆ ಪುಸ್ತಕದ ಹಳೆಯ ಕರಡುಗಳು ಕೋರ್ಟಿಗೆ ಬಂದಿದ್ದವು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಲೂಸಿಯಾನಾದ ಕೇಸ್‌ನಲ್ಲಿ ಸರ್ಕಾರಿ ಶಾಲೆಗಳಲ್ಲಿ ವಿಕಾಸವಾದ ಕಲಿಸಿದರೆ ಸೃಷ್ಟಿವಾದವನ್ನೂ ಕಲಿಸಬೇಕೆಂಬ ಕಾನೂನನ್ನು ರದ್ದು ಮಾಡಿತು. ಅದಕ್ಕೆ ಮೊದಲಿನ ಕರಡುಗಳಲ್ಲಿ ಸೃಷ್ಟಿ, ಸೃಷ್ಟಿವಾದಿಗಳು ಅಂತ ಇದ್ದ ಕಡೆಯಲ್ಲೆಲ್ಲ, ಅದರ ನಂತರದ ಕರಡಿನಲ್ಲಿ ಡಿಸೈನ್, ಡಿಸೈನ್ ಪ್ರತಿಪಾದಕರು ಅಂತ ಬಂದಿತ್ತು. ಸುಮಾರು 150 ಕಡೆ ಬದಲಾವಣೆ. ಸುತ್ತಲಿನ ವಾಕ್ಯಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಒಂದು ಕಡೆ ಹಳೆಯದನ್ನು ಪೂರ್ತಿ ಅಳಿಸದೆ ಹೊಸದನ್ನು ಅಂಟಿಸಿ ಎರಡೂ ಬೆರೆತುಹೋಗಿತ್ತು. ಇದನ್ನು ಪರದೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ತೋರಿಸುತ್ತಾರೆ.

ಬೀಹಿಯನ್ನು ಪ್ರಶ್ನಿಸಿದ ದಿನದ ಪಾಠವೂ ಅಷ್ಟೇ ಬಿಗಿಯಾಗಿದೆ. ವಿಜ್ಞಾನದ ಸಿದ್ಧಾಂತಕ್ಕೆ ಅವರು ಕೊಟ್ಟ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ಅದರೊಳಗೆ ಬರುತ್ತದೆ ಅಂತ ಅವರು ಒಪ್ಪಬೇಕಾಯಿತು. ರೋಗನಿರೋಧಕ ವ್ಯವಸ್ಥೆ ಹೇಗೆ ವಿಕಾಸವಾಯಿತು ಅನ್ನುವುದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ ಅಂತ ಅವರು ಬರೆದಿದ್ದರು. ವಕೀಲರು ಅದೇ ವಿಷಯದ ಮೇಲೆ ಬಂದ 58 ಲೇಖನಗಳನ್ನೂ 9 ಪುಸ್ತಕಗಳನ್ನೂ ಮುಂದಿಟ್ಟರು. ಇವು ಸಾಲದು ಅನ್ನುವುದೇ ಅವರ ಉತ್ತರ. ಇನ್ನೊಂದು ಕಡೆ ಪೋಷಕರ ಪರ ಮೊದಲ ತಜ್ಞ ಸಾಕ್ಷಿಯಾಗಿ ನಿಂತ ಬ್ರೌನ್ ವಿಶ್ವವಿದ್ಯಾಲಯದ ಕೆನೆತ್ ಮಿಲ್ಲರ್ ದೇವರನ್ನು ನಂಬುವ ಕ್ಯಾಥೊಲಿಕ್.

ಡಿಸೆಂಬರ್ 20ರಂದು 139 ಪುಟದ ತೀರ್ಪು ಬಂತು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನ ಅಲ್ಲ, ಸರ್ಕಾರಿ ಶಾಲೆಯ ವಿಜ್ಞಾನದ ತರಗತಿಯಲ್ಲಿ ಅದನ್ನು ತರುವುದು ಸಂವಿಧಾನಕ್ಕೆ ವಿರುದ್ಧ ಅಂತ. ಅಷ್ಟರಲ್ಲಿ ನವೆಂಬರ್ ಚುನಾವಣೆಯಲ್ಲಿ ನಿರ್ಣಯದ ಪರ ಇದ್ದ ಎಂಟು ಸದಸ್ಯರು ಸೋತು ಮನೆಗೆ ಹೋಗಿದ್ದರು. ಹೊಸ ಮಂಡಳಿ ಪೋಷಕರ ವಕೀಲರಿಗೆ 10 ಲಕ್ಷ ಡಾಲರ್‌ಗೂ ಮೇಲೆ ಕೊಡಲು ಒಪ್ಪಿತು. ಶಾಲೆಯ ಹಣ ಅದು.

ನನಗೆ ಇಲ್ಲಿ ಇಷ್ಟವಾದದ್ದು, ತೀರ್ಪು ಏನನ್ನು ತೀರ್ಮಾನಿಸಿತು, ಏನನ್ನು ತೀರ್ಮಾನಿಸಲಿಲ್ಲ ಅನ್ನುವುದನ್ನು ಮೇಡಂ ಬೇರ್ಪಡಿಸುವ ರೀತಿ. ಶಾಲೆಯಲ್ಲಿ ಏನು ಕಲಿಸಬಹುದು ಅನ್ನುವುದನ್ನು ಕೋರ್ಟ್ ಹೇಳಬಹುದು. ಮೊದಲ ಜೀವ ಹೇಗೆ ಬಂತು ಅಂತ ಕೋರ್ಟ್ ಹೇಳುವುದಿಲ್ಲ. ಅದಕ್ಕೆ ಲ್ಯಾಬ್ ಬೇಕು.

ಆ ಮಾತು ಕೇಳಿದ ಮೇಲೆ ನಾಲ್ಕನೇ ಭಾಗದ ಮೇಲೆ ಎಷ್ಟು ಆಸೆ ಇಟ್ಟುಕೊಂಡಿದ್ದೆ ಅಂತ ಊಹಿಸಿಕೊಳ್ಳಿ.

ಮೊದಲ ಪಾಠ ರಸಾಯನಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮಿಲ್ಲರ್ ಮತ್ತು ಹೆರಾಲ್ಡ್ ಯೂರಿ ಅವರ ಪ್ರಯೋಗ. ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಿನ ಆವಿ, ಅದರಲ್ಲಿ ವಿದ್ಯುತ್ ಕಿಡಿ. ಕೆಲವು ದಿನಗಳಲ್ಲಿ ಪ್ರೊಟೀನ್‌ನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ಸಿಕ್ಕವು. 1953ರ ಮೇನಲ್ಲಿ ಪ್ರಕಟವಾಯಿತು, ಡಿಎನ್‌ಎ ರಚನೆ ಪ್ರಕಟವಾದ ಕೆಲವೇ ವಾರಗಳ ಮೇಲೆ. ದೊಡ್ಡ ಪ್ರಯೋಗ, ಅನುಮಾನವೇ ಇಲ್ಲ. ಆದರೆ ಜೀವ ಶುರುವಾದ ಕಾಲದ ಭೂಮಿಯ ವಾತಾವರಣ ಹಾಗೆ ಇತ್ತೇ? ಜಾಸ್ತಿ ಇದ್ದದ್ದು ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕ ಇರಬೇಕು ಅನ್ನುವುದು ಆಮೇಲೆ ಬಲವಾದ ಅಭಿಪ್ರಾಯ. ಅಂಥ ಗಾಳಿಯಲ್ಲಿ ಅಮೈನೋ ಆಮ್ಲ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಇದರ ಬಗ್ಗೆ ಕೋರ್ಸ್‌ನಲ್ಲಿ ಒಂದು ಮಾತೂ ಇಲ್ಲ! ಇಂಟೆಲಿಜೆಂಟ್ ಡಿಸೈನ್ ಪರ ಇರುವ ಯಾರೇ ಆಗಲಿ ಮೊದಲು ಎತ್ತುವ ಆಕ್ಷೇಪವೇ ಇದು. ಉತ್ತರ ಕೊಡಲು ಸಾಮಗ್ರಿಯೂ ಇದೆ. ಮಿಲ್ಲರ್ 2007ರಲ್ಲಿ ತೀರಿಕೊಂಡ ಮೇಲೆ ಅವರ ಹಳೆಯ ಸೀಸೆಗಳನ್ನು ಶಿಷ್ಯ ಜೆಫ್ರಿ ಬಾಡಾ ಮತ್ತು ಸಂಗಡಿಗರು ಹೊಸ ಉಪಕರಣಗಳಿಂದ ಪರೀಕ್ಷಿಸಿದರು. ಜ್ವಾಲಾಮುಖಿಯ ಹಾಗೆ ಆವಿ ಚಿಮ್ಮಿಸಿದ ಪ್ರಯೋಗದ ಸೀಸೆಗಳಲ್ಲಿ 22 ಅಮೈನೋ ಆಮ್ಲ ಸಿಕ್ಕವು, 2008ರಲ್ಲಿ ಪ್ರಕಟಿಸಿದರು. ಇಡೀ ವಾತಾವರಣ ಹಾಗಿರದಿದ್ದರೂ ಜ್ವಾಲಾಮುಖಿಗಳ ಹತ್ತಿರ ಹಾಗಿರಬಹುದಲ್ಲ ಅನ್ನುವ ಯೋಚನೆಗೆ ಇದು ದಾರಿ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯಲ್ಲಿ 70ಕ್ಕೂ ಹೆಚ್ಚು ಬಗೆಯ ಅಮೈನೋ ಆಮ್ಲ ಇವೆ, ಅದೊಂದನ್ನು ಮಾತ್ರ ಕೋರ್ಸ್ ಚೆನ್ನಾಗಿ ಹೇಳುತ್ತದೆ.

ನಿಜವಾದ ತೊಂದರೆ ಇದರ ನಂತರ. ಅಮೈನೋ ಆಮ್ಲದಿಂದ ಜೀವಕೋಶದ ತನಕದ ದಾರಿಯನ್ನು ಒಂದೇ ಅನಿಮೇಶನ್‌ನಲ್ಲಿ ಮುಗಿಸಿಬಿಡುತ್ತಾರೆ. ಅಣುಗಳು ತೇಲಿ ಬರುತ್ತವೆ, ಸೇರಿಕೊಳ್ಳುತ್ತವೆ, ಸುತ್ತ ಒಂದು ಪೊರೆ ಬರುತ್ತದೆ, ಜೀವ ಶುರು. ನೋಡಲು ಚಂದ. ಆದರೆ ಈ ಕ್ಷೇತ್ರದ ಎಲ್ಲ ಕಷ್ಟವೂ ಇರುವುದು ಆ ಅನಿಮೇಶನ್ ಹಾರಿಸಿಬಿಟ್ಟ ಜಾಗದಲ್ಲಿ. ಪ್ರೊಟೀನ್ ಆಗಲಿ, ಡಿಎನ್‌ಎಯ ನೆಂಟನಾದ ಆರ್‌ಎನ್‌ಎ ಆಗಲಿ, ಕೊಂಡಿ ಕೊಂಡಿಯಾಗಿ ಕಟ್ಟುವಾಗ ಪ್ರತಿ ಕೊಂಡಿಗೂ ಒಂದು ನೀರಿನ ಅಣು ಹೊರಗೆ ಹೋಗಬೇಕು. ಸುತ್ತ ಬರೀ ನೀರೇ ಇದ್ದರೆ ಕಟ್ಟುವುದಕ್ಕಿಂತ ಒಡೆಯುವುದೇ ಸುಲಭ. ಜೀವಕ್ಕೆ ನೀರು ಬೇಕು, ಜೀವದ ಸರಪಳಿಗೆ ನೀರೇ ಶತ್ರು. ಎಡ-ಬಲದ ಪ್ರಶ್ನೆ ಇನ್ನೊಂದು. ಅಮೈನೋ ಆಮ್ಲಗಳಲ್ಲಿ ಹೆಚ್ಚಿನವು ಕನ್ನಡಿಯ ಬಿಂಬದಂತೆ ಎರಡು ರೂಪದಲ್ಲಿ ಇರುತ್ತವೆ, ಜೀವಿಗಳ ಪ್ರೊಟೀನ್‌ಗಳು ಎಡದ್ದನ್ನು ಮಾತ್ರ ಬಳಸುತ್ತವೆ, ಆರ್‌ಎನ್‌ಎಯ ಸಕ್ಕರೆ ಬಲದ್ದು ಮಾತ್ರ. ಕಿಡಿ ಹೊಡೆಸಿದ ಫ್ಲಾಸ್ಕ್‌ನಲ್ಲಿ ಎರಡೂ ಸಮವಾಗಿ ಬರುತ್ತವೆ. ಯಾರು ಆರಿಸಿದರು, ಹೇಗೆ ಆರಿಸಿತು? ಇದಕ್ಕೆ ಹಲವು ಪ್ರಸ್ತಾಪಗಳಿವೆ, ಎಲ್ಲರೂ ಒಪ್ಪಿದ ಉತ್ತರ ಇಲ್ಲ. ಕೋರ್ಸ್ ಈ ಪ್ರಶ್ನೆಯನ್ನೇ ಎತ್ತಿಲ್ಲ.

ಇವನ್ನು ಹೇಳಿದರೆ ವಿಜ್ಞಾನ ಸೋತ ಹಾಗೆ ಆಗುತ್ತದೆ ಅಂತ ಅಂದುಕೊಂಡರೋ ಏನೋ. ನನಗೆ ಅನ್ನಿಸುವುದು ಪೂರ್ತಿ ಉಲ್ಟಾ. ಈ ಕೋರ್ಸ್ ನೋಡಿದ ಒಬ್ಬ ಹುಡುಗಿ ನಾಳೆ ರೈಸ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಜೇಮ್ಸ್ ಟೂರ್ ಅವರ ಒಂದು ಭಾಷಣ ನೋಡುತ್ತಾಳೆ ಅಂತ ಇಟ್ಟುಕೊಳ್ಳಿ. ಅವರು ಈ ಕ್ಷೇತ್ರದ ಕಟು ಟೀಕಾಕಾರ, ರಸಾಯನದ ಒಂದೊಂದು ಹಂತವನ್ನೂ ಎತ್ತಿ ಇದು ಹೇಗೆ ಆಯಿತು ಹೇಳಿ ಅಂತ ಕೇಳುತ್ತಾರೆ. ಆ ಪ್ರಶ್ನೆಗಳಲ್ಲಿ ಹಲವು ನಿಜವಾದ ಪ್ರಶ್ನೆಗಳೇ. ಅವಳಿಗೆ ಅವು ಮೊದಲ ಸಲ ಕಿವಿಗೆ ಬೀಳುತ್ತವೆ. ಆಗ ಅವಳು ಉಗಮದ ಪಾಠವನ್ನು ಮಾತ್ರ ಅಲ್ಲ, ಕಣ್ಣಿನ ಪಾಠ, ಲೆನ್ಸ್ಕಿಯ ಪಾಠ, ಎಲ್ಲವನ್ನೂ ಅನುಮಾನದಿಂದ ನೋಡಲು ಶುರು ಮಾಡುತ್ತಾಳೆ. ಇಷ್ಟನ್ನು ನನ್ನಿಂದ ಮುಚ್ಚಿಟ್ಟವರು ಇನ್ನೇನು ಮುಚ್ಚಿಟ್ಟಿದ್ದಾರೋ ಅಂತ ಅನ್ನಿಸುವುದು ಸಹಜ ಅಲ್ವಾ? ಮೂರು ಭಾಗದಲ್ಲಿ ಕಷ್ಟಪಟ್ಟು ಗಳಿಸಿದ ನಂಬಿಕೆಯನ್ನು ನಾಲ್ಕನೆಯದರಲ್ಲಿ ಸುಮ್ನೆ ಕಳೆದುಕೊಂಡ ಹಾಗೆ.

ಇನ್ನೊಂದು ಕಡೆ, ಇರುವ ಒಳ್ಳೆಯ ಸಾಕ್ಷಿಯನ್ನೂ ಅವಸರದಲ್ಲಿ ದಾಟಿಬಿಡುತ್ತಾರೆ. ಪ್ರೊಟೀನ್ ಮಾಡಲು ಡಿಎನ್‌ಎ ಬೇಕು, ಡಿಎನ್‌ಎ ನಕಲು ಮಾಡಲು ಪ್ರೊಟೀನ್ ಬೇಕು, ಯಾವುದು ಮೊದಲು? ಈ ಗಂಟನ್ನು ಸಡಿಲಿಸಿದ್ದು ಆರ್‌ಎನ್‌ಎ. ಮಾಹಿತಿಯನ್ನು ಹೊರುವ ಆರ್‌ಎನ್‌ಎಯೇ ಕಿಣ್ವದ ಕೆಲಸವನ್ನೂ ಮಾಡಬಲ್ಲದು ಅಂತ 1980ರ ದಶಕದಲ್ಲಿ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ತೋರಿಸಿದರು, 1989ರಲ್ಲಿ ನೊಬೆಲ್ ಬಂತು. ಅದಕ್ಕಿಂತ ದೊಡ್ಡ ಸುಳಿವು ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ಕೂತಿದೆ. ಪ್ರೊಟೀನ್ ಕಟ್ಟುವ ಕಾರ್ಖಾನೆಯಾದ ರೈಬೋಸೋಮ್‌ನ ರಚನೆ 2000ದ ಹೊತ್ತಿಗೆ ಬಿಡಿಸಿದಾಗ, ಕೊಂಡಿ ಹಾಕುವ ಜಾಗದಲ್ಲಿ ಇದ್ದದ್ದು ಪ್ರೊಟೀನ್ ಅಲ್ಲ, ಆರ್‌ಎನ್‌ಎ. ವೆಂಕಿ ರಾಮಕೃಷ್ಣನ್, ಸ್ಟೈಟ್ಸ್, ಯೋನಾಥ್ ಮೂವರಿಗೂ 2009ರ ನೊಬೆಲ್ ಸಿಕ್ಕಿದ್ದು ರೈಬೋಸೋಮ್ ಕೆಲಸಕ್ಕೆ. ಪ್ರೊಟೀನ್ ಬರುವುದಕ್ಕೆ ಮೊದಲು ಆರ್‌ಎನ್‌ಎ ಆಳುತ್ತಿದ್ದ ಕಾಲ ಒಂದಿತ್ತು ಅನ್ನುವುದಕ್ಕೆ ಇದಕ್ಕಿಂತ ಚೆಂದದ ಕುರುಹು ನನಗೆ ಗೊತ್ತಿಲ್ಲ. ಇದಕ್ಕೆ ಕೋರ್ಸ್ ಕೊಟ್ಟದ್ದು ಕೆಲವೇ ನಿಮಿಷ. ಒಂದು ಪೂರ್ತಿ ಪಾಠ ಬೇಕಿತ್ತು. ಅದರ ಜೊತೆಗೇ, ಹೊರಗಿನ ಸಹಾಯವಿಲ್ಲದೆ ಪೀಳಿಗೆಯ ಮೇಲೆ ಪೀಳಿಗೆ ತನ್ನನ್ನು ತಾನೇ ನಕಲು ಮಾಡಿಕೊಂಡು ಹೋಗುವ ಆರ್‌ಎನ್‌ಎಯನ್ನು ಕಟ್ಟುವುದು ಲ್ಯಾಬ್‌ಗಳಿಗೆ ಇನ್ನೂ ಗುರಿಯಾಗಿಯೇ ಉಳಿದಿದೆ ಅಂತಲೂ ಹೇಳಬೇಕಿತ್ತು.

ವಿಜ್ಞಾನಿಗಳ ಒಳಗಿನ ಜಗಳವೂ ಕಾಣುವುದಿಲ್ಲ. ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆ ಅನ್ನುವ ಭಾವನೆ ಬರುತ್ತದೆ. ನಿಜ ಹಾಗಿಲ್ಲ. ಸಮುದ್ರದ ತಳದ ಕ್ಷಾರೀಯ ಬಿಸಿನೀರಿನ ಬುಗ್ಗೆಗಳಲ್ಲಿ ಜೀವ ಶುರುವಾಯಿತು ಅನ್ನುವವರು ಒಂದು ಕಡೆ. ಅಟ್ಲಾಂಟಿಕ್ ತಳದಲ್ಲಿ 2000ದಲ್ಲಿ ಲಾಸ್ಟ್ ಸಿಟಿ ಅನ್ನುವ ಅಂಥ ಬುಗ್ಗೆಗಳ ತಾಣ ಸಿಕ್ಕಮೇಲೆ ಅವರಿಗೆ ಬಲ ಬಂತು. ಅಲ್ಲ, ನೆಲದ ಮೇಲಿನ ಕೊಳಗಳಲ್ಲಿ, ಒಣಗುವುದು ನೆನೆಯುವುದು ಪದೇ ಪದೇ ಆಗುವಲ್ಲಿ ಅನ್ನುವವರು ಡೇವಿಡ್ ಡೀಮರ್ ಮುಂತಾದವರು. ಒಣಗಿದಾಗ ಕೊಂಡಿ ಕಟ್ಟುತ್ತದೆ, ನೆನೆದಾಗ ಬೆರೆಯುತ್ತದೆ, ಮೇಲೆ ಹೇಳಿದ ನೀರಿನ ಸಮಸ್ಯೆಗೆ ಇದೊಂದು ದಾರಿ. ಡಾರ್ವಿನ್ ಕೂಡ 1871ರ ಒಂದು ಪತ್ರದಲ್ಲಿ ಬೆಚ್ಚಗಿನ ಪುಟ್ಟ ಕೊಳ ಅಂತಲೇ ಬರೆದಿದ್ದ. ರಸಾಯನಶಾಸ್ತ್ರಜ್ಞ ಜಾನ್ ಸದರ್ಲ್ಯಾಂಡ್ ತಂಡ 2009ರಲ್ಲಿ ಆರ್‌ಎನ್‌ಎಯ ನಾಲ್ಕರಲ್ಲಿ ಎರಡು ಇಟ್ಟಿಗೆಗಳನ್ನು ಸರಳ ಅಣುಗಳಿಂದ, ಯಾರೂ ಯೋಚಿಸದ ದಾರಿಯಲ್ಲಿ ಕಟ್ಟಿ ತೋರಿಸಿದ್ದು ಈ ಕ್ಷೇತ್ರದ ದೊಡ್ಡ ಹೆಜ್ಜೆ. ಹಂತ ಹಂತಕ್ಕೂ ಕೈ ಹಾಕಿ ಶುದ್ಧ ಮಾಡಿದ್ದು ರಸಾಯನಶಾಸ್ತ್ರಜ್ಞರೇ ಅಲ್ಲವೇ ಅನ್ನುವ ಟೀಕೆಯೂ ಬರುತ್ತದೆ, ಅದಕ್ಕೆ ಆಮೇಲಿನ ಪ್ರಯೋಗಗಳು ಸ್ವಲ್ಪ ಸ್ವಲ್ಪ ಉತ್ತರ ಕೊಡುತ್ತಾ ಬಂದಿವೆ. ಹೀಗೆ ಎರಡು ಗುಂಪು ಪ್ರಯೋಗ ಹಿಡಿದು ಬಡಿದಾಡುವುದನ್ನು ತೋರಿಸಿದ್ದರೆ ಸಾಕಿತ್ತು, ಇಂಟೆಲಿಜೆಂಟ್ ಡಿಸೈನ್‌ಗೂ ಇದಕ್ಕೂ ಇರುವ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತಿತ್ತು. ಬುಗ್ಗೆಯವರನ್ನು ಕೇಳಿದರೆ ಎಲ್ಲಿ, ಯಾವ ಖನಿಜದ ಮೇಲೆ, ಯಾವ ಶಕ್ತಿಯಿಂದ ಅಂತ ಹೇಳುತ್ತಾರೆ, ತಪ್ಪಾದರೆ ಸಿಕ್ಕಿಬೀಳುತ್ತಾರೆ. ವಿನ್ಯಾಸಕಾರ ಯಾವಾಗ, ಎಲ್ಲಿ, ಏನು ಮಾಡಿದ ಅಂತ ಕೇಳಿದರೆ ಆ ಕಡೆಯಿಂದ ಉತ್ತರ ಬರುವುದಿಲ್ಲ. ನನಗೆ ಆ ವಾದ ಒಪ್ಪಿಗೆಯಾಗದೇ ಇರುವುದು ಇದೇ ಕಾರಣಕ್ಕೆ. ನನ್ನ ನಂಬಿಕೆಗೂ ಅದಕ್ಕೂ ಸಂಬಂಧ ಇಲ್ಲ.

ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ತಂಡ 2016ರಲ್ಲಿ ಲ್ಯಾಬ್‌ನಲ್ಲಿ ಮಾಡಿದ 473 ಜೀನ್‌ಗಳ ಪುಟ್ಟ ಜೀವಕೋಶದ ಬಗ್ಗೆ ಕೋರ್ಸ್‌ನಲ್ಲಿದೆ, ಅದರಲ್ಲಿ 149 ಜೀನ್‌ಗಳ ಕೆಲಸ ಏನು ಅಂತ ಆಗ ಗೊತ್ತಿರಲಿಲ್ಲ ಅನ್ನುವುದೂ ಇದೆ. ಆದರೆ ಇದನ್ನು ಹಿಡಿದೇ 'ಅತಿ ಸರಳ ಜೀವಕ್ಕೇ ಇಷ್ಟು ಬೇಕು, ಅದು ತಾನಾಗಿ ಬಂದೀತೇ' ಅಂತ ಕೇಳುತ್ತಾರಲ್ಲ, ಅದಕ್ಕೆ ಉತ್ತರ ಇಲ್ಲ. ಇವತ್ತಿನ ಅತಿ ಚಿಕ್ಕ ಜೀವಕೋಶವೂ ಸುಮಾರು 400 ಕೋಟಿ ವರ್ಷ ವಿಕಾಸವಾಗಿ ಬಂದದ್ದು, ಅದನ್ನು ಮೊದಲ ಜೀವದ ಜಾಗದಲ್ಲಿ ಇಡುವ ಹಾಗಿಲ್ಲ. ಎರಡು ವಾಕ್ಯದ ವಿಷಯ.

ಈಗ ಕ್ವಿಜ್. ನಾಲ್ಕನೇ ಭಾಗದ ಕೊನೆಯಲ್ಲಿ ಒಂದು ಪ್ರಶ್ನೆ ಇದೆ, ಮಿಲ್ಲರ್-ಯೂರಿ ಪ್ರಯೋಗ ಏನನ್ನು ತೋರಿಸಿತು ಅಂತ. 'ಜೀವದ ಇಟ್ಟಿಗೆಗಳು ಸರಳ ಅನಿಲಗಳಿಂದ ಆಗಬಲ್ಲವು' ಅನ್ನುವ ಆಯ್ಕೆ ಒತ್ತಿದರೆ ತಪ್ಪು ಅಂತ ಕೆಂಪು ಬರುತ್ತದೆ. 'ಜೀವ ತಾನಾಗಿ ಹುಟ್ಟಬಲ್ಲದು' ಅನ್ನುವುದು ಸರಿಯುತ್ತರವಂತೆ. ಇದು ಸಣ್ಣ ವಿಷಯ ಅಲ್ಲ. ಆ ಪ್ರಯೋಗ ಹಾಗೆ ಹೇಳಲಿಲ್ಲ, ಮಿಲ್ಲರ್ ಮಾಡಿದ್ದು ಅಮೈನೋ ಆಮ್ಲಗಳನ್ನು. ಸಹಾಯವಾಣಿಗೆ ಬರೆದೆ. ಗಮನಕ್ಕೆ ತಂದದ್ದಕ್ಕೆ ಧನ್ಯವಾದ, ಮುಂದಿನ ಅಪ್‌ಡೇಟ್‌ನಲ್ಲಿ ನೋಡುತ್ತೇವೆ ಅಂತ ಉತ್ತರ ಬಂತು. ಇದನ್ನು ಬರೆಯುವ ಹೊತ್ತಿಗೂ ಹಾಗೇ ಇದೆ.

ಅಪ್‌ಡೇಟ್ ಮಾಡುವುದಾದರೆ ಬೆನ್ನು (Bennu) ಅನ್ನುವ ಕ್ಷುದ್ರಗ್ರಹದ ಪಾಠವನ್ನೂ ಸೇರಿಸಿ ಅಂತ ಕೇಳಿಕೊಂಡಿದ್ದೇನೆ. 2023ರಲ್ಲಿ ನಾಸಾ ಭೂಮಿಗೆ ತಂದ ಅದರ ಮಣ್ಣಿನಲ್ಲಿ, ಜೀವಿಗಳು ಪ್ರೊಟೀನ್‌ಗೆ ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಸಿಕ್ಕವು, ಡಿಎನ್‌ಎ ಆರ್‌ಎನ್‌ಎಗಳ ಅಕ್ಷರಗಳಂತಿರುವ ಐದೂ ಬೇಸ್‌ಗಳು ಸಿಕ್ಕವು. 2025ರ ಜನವರಿಯಲ್ಲಿ ಪ್ರಕಟವಾಯಿತು. ಅದರ ಜೊತೆ ಇನ್ನೊಂದು ಫಲಿತಾಂಶ: ಎಡ-ಬಲ ರೂಪಗಳು ಹೆಚ್ಚುಕಡಿಮೆ ಸಮವಾಗಿದ್ದವು. ಕೆಲವು ಉಲ್ಕೆಗಳಲ್ಲಿ ಎಡದ್ದು ಸ್ವಲ್ಪ ಜಾಸ್ತಿ ಕಂಡಿದ್ದರಿಂದ, ಜೀವದ ಎಡ ಒಲವು ಆಕಾಶದಿಂದಲೇ ಬಂದಿರಬಹುದು ಅಂತ ಆಸೆ ಇಟ್ಟುಕೊಂಡವರಿದ್ದರು. ಅವರಿಗೆ ಇದು ಹಿನ್ನಡೆ, ಮತ್ತು ಅದನ್ನು ಬರೆದು ಪ್ರಕಟಿಸಿದ್ದು ಅದೇ ಕ್ಷೇತ್ರದವರು. ನಾಲ್ಕನೇ ಭಾಗಕ್ಕೆ ಬೇಕಾದ ಧಾಟಿ ಇದೇ.

ಉಳಿದದ್ದು ಚಿಕ್ಕಪುಟ್ಟ. ವಿಡಿಯೋ ಗುಣಮಟ್ಟ ಚೆನ್ನಾಗಿದೆ, ಧ್ವನಿ ಸ್ಪಷ್ಟ. ಹೈಸ್ಕೂಲ್ ಮಟ್ಟದ ಜೀವಶಾಸ್ತ್ರ ಗೊತ್ತಿದ್ದರೆ ಮೂರು ಭಾಗ ಆರಾಮಾಗಿ ಅರ್ಥವಾಗುತ್ತದೆ, ನಾಲ್ಕನೆಯದಕ್ಕೆ ಸ್ವಲ್ಪ ರಸಾಯನಶಾಸ್ತ್ರ ಬೇಕು. ಡೌನ್‌ಲೋಡ್ ಮಾಡಬಹುದಾದ ನೋಟ್ಸ್‌ನಲ್ಲಿ ಡೋವರ್ ಕೇಸ್‌ನ ಕಾಲಾನುಕ್ರಮದ ಪಟ್ಟಿ ತುಂಬ ಉಪಯೋಗ. ತಗೊಳ್ಳುವವರು ಡೋವರ್ ಭಾಗದಿಂದ ಶುರು ಮಾಡಿ, ಆಮೇಲೆ ಎರಡನೆಯದು, ಆಮೇಲೆ ಮೊದಲನೆಯದು. ನಾಲ್ಕನೆಯದರಲ್ಲಿ ಮರ್ಚಿಸನ್ ಪಾಠವನ್ನೂ ರೈಬೋಸೋಮ್ ಬಗೆಗಿನ ಆ ಕೆಲವು ನಿಮಿಷಗಳನ್ನೂ ನೋಡಿ, ಅನಿಮೇಶನ್ ಪಾಠವನ್ನು ಸದ್ಯಕ್ಕೆ ಬಿಡಿ. ಮಕ್ಕಳ ಜೊತೆ ನೋಡುವವರು ಆ ಕ್ವಿಜ್ ಪ್ರಶ್ನೆ ಬಂದಾಗ ಪಕ್ಕದಲ್ಲೇ ಇರಿ, ಸರಿಯಾದ ಉತ್ತರ ನೀವೇ ಹೇಳಿ.